ಹಣ್ಣಿನ ನುಸಿಯ ಮೈಯೊಳಗಿನ ಕಾವಲು



ಕಳೆದ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡನೆಯಾದ ಮೇಲೆ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆಯನ್ನು ಸಭೆಯಲ್ಲಿದ್ದವರು ಮರೆತಿರಲಾರರು. “ಅಲ್ಲ ಮಾರಾಯ್ರೇ, ಕಾಫಿ ಕಾಯಿ ಕೊರೆಯುವ ದುಂಬಿಗೆಂದು ಸಂಘದಿಂದ ಬೂಸ್ಟಿನ ಪುಡಿ ಕೊಟ್ಟಿರಿ. ದುಡ್ಡೂ ತೆಗೆದುಕೊಂಡಿರಿ. ನಮ್ಮ ತೋಟದಲ್ಲಿ ಒಂದು ದುಂಬಿಯೂ ಸಾಯಲಿಲ್ಲ. ನಿಮ್ಮ ಬೂಸ್ಟಿಗಿಂತ ದುಂಬಿಗೇ ರೋಗನಿರೋಧಕ ಶಕ್ತಿ ಜಾಸ್ತಿ ಇದ್ದ ಹಾಗೆ ಕಾಣುತ್ತದೆ!” ಸಭೆ ನಕ್ಕಿತು, ನಾವೂ ನಕ್ಕೆವು. ಕಾಫಿ ಬಂತು, ವಿಷಯ ಅಲ್ಲಿಗೇ ನಿಂತಿತು.

ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ. ತಮಾಷೆಯೊಳಗೆ ಎರಡು ನಿಜವಾದ ಪ್ರಶ್ನೆಗಳಿದ್ದವು. ಕೀಟಕ್ಕೆ ರೋಗನಿರೋಧಕ ಶಕ್ತಿ ಎಂಬುದು ಇದೆಯೇ? ಇದ್ದರೆ, ನಾವು ಹಂಚಿದ ಪುಡಿ ಸೋತದ್ದು ಅದರಿಂದಲೇ? ಮೊದಲನೆಯದಕ್ಕೆ ಉತ್ತರ ‘ಹೌದು’. ಅದು ಸ್ವಲ್ಪ ಉದ್ದವಾದ, ಆದರೆ ತಿಳಿಯಲೇಬೇಕಾದ ಕಥೆ. ಎರಡನೆಯದಕ್ಕೆ ಉತ್ತರ ‘ಅಲ್ಲ’. ಅದರಲ್ಲಿ ತಪ್ಪು ನಮ್ಮದು. ಅದನ್ನು ಕೊನೆಯಲ್ಲಿ ಒಪ್ಪಿಕೊಳ್ಳುತ್ತೇವೆ.

ಕೀಟಗಳು ರೋಗವನ್ನು ಹೇಗೆ ಎದುರಿಸುತ್ತವೆ ಎಂಬುದನ್ನು ಜಗತ್ತು ಬಹುಮಟ್ಟಿಗೆ ಕಲಿತದ್ದು ಒಂದು ನುಸಿಯಿಂದ. ಜಗಲಿಯಲ್ಲಿ ಬಾಳೆಗೊನೆ ತೂಗುಹಾಕಿದ ನಾಲ್ಕೈದು ದಿನಕ್ಕೆ ಎಲ್ಲಿಂದಲೋ ಬಂದು ಸುತ್ತುತ್ತದಲ್ಲ, ಅದೇ. ಪಲ್ಪರ್ ಮನೆಯ ಹಿಂದೆ ಕಾಫಿ ಸಿಪ್ಪೆಯ ರಾಶಿ ಹುಳಿಯೇಳುವಾಗ, ಮರದ ಬುಡದಲ್ಲಿ ಹಲಸಿನ ಹಣ್ಣು ಒಡೆದು ಬಿದ್ದಾಗ ಅದು ಮೋಡದಂತೆ ಏಳುವುದನ್ನು ಎಲ್ಲರೂ ನೋಡಿದ್ದೇವೆ. ಉದ್ದ ಸುಮಾರು 3 ಮಿಲಿಮೀಟರು, ಕಣ್ಣು ಕೆಂಪು. ಶಾಸ್ತ್ರದ ಹೆಸರು ಡ್ರೋಸೊಫಿಲ ಮೆಲನೊಗ್ಯಾಸ್ಟರ್. ಮಾವಿನ ಹಣ್ಣಿನೊಳಗೆ ಹುಳು ಮಾಡುವ ನೊಣವೂ ಇದೂ ಒಂದೇ ಎಂದು ಕೆಲವರು ತಿಳಿದಿದ್ದಾರೆ. ಅದು ಬೇರೆ ಕುಲ. ಅದು ಗಟ್ಟಿ ಹಣ್ಣನ್ನೇ ಚುಚ್ಚಿ ಮೊಟ್ಟೆಯಿಡುತ್ತದೆ. ನಮ್ಮ ಈ ನುಸಿ ಮೊದಲೇ ಕೊಳೆಯತೊಡಗಿದ ಹಣ್ಣಿಗೆ ಬರುತ್ತದೆ, ಅದರ ಮೇಲೆ ಬೆಳೆದ ಹುದುಗನ್ನು ತಿಂದು ಬದುಕುತ್ತದೆ. ನಮ್ಮ ಬೆಳೆಗೆ ಅದರಿಂದ ತೊಂದರೆಯಿಲ್ಲ.

ಅದರ ಬಾಳನ್ನು ಒಮ್ಮೆ ಯೋಚಿಸಿ ನೋಡಿ. ಕೊಳೆತ ಹಣ್ಣೇ ತೊಟ್ಟಿಲು, ಅದೇ ಊಟ, ಅದೇ ಮನೆ. ಮೊಟ್ಟೆಯೊಡೆದ ಹುಳು ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ನಡುವೆ ಮುಳುಗಿ ಬೆಳೆಯುತ್ತದೆ. ಆದರೂ ಸುಮಾರು ಹತ್ತು ದಿನಕ್ಕೆ ರೆಕ್ಕೆ ಕಟ್ಟಿಕೊಂಡು ಹಾರುತ್ತದೆ. ಇಂಥ ಕೊಳಕಿನಲ್ಲಿ ಬದುಕುವ ಜೀವಿಗೆ ಗಟ್ಟಿಯಾದ ಕಾವಲು ಇಲ್ಲದೆ ಇದ್ದೀತೇ?

ನಾವು ಮೈಸೂರಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಗ ಉಪಾಧ್ಯಾಯರು ಒಮ್ಮೆ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಈ ನುಸಿಗಳ ತಳಿಗಳನ್ನು ಹತ್ತಿಯ ಬಿರಡೆ ಹಾಕಿದ ಗಾಜಿನ ಸೀಸೆಗಳಲ್ಲಿ ಸಾಲಾಗಿ ಸಾಕಿದ್ದರು. ಆಹಾರವೇನೆಂದು ಕೇಳಿದರೆ ಗೋಧಿ ರವೆ, ಬೆಲ್ಲ, ಅಗರ್ ಹಾಕಿ ಕುದಿಸಿದ ಗಂಜಿ! ಬೂಸ್ಟು ಹಿಡಿಯದಂತೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ. ಹಾಸ್ಟೆಲಿನ ಸಜ್ಜಿಗೆಗಿಂತ ಅದೇ ಚೆನ್ನಾಗಿದ್ದೀತು ಎಂದು ನಮ್ಮ ಗೆಳೆಯರು ನಕ್ಕದ್ದು ನೆನಪಿದೆ. ಅನುವಂಶೀಯತೆಯನ್ನು ಅಭ್ಯಾಸ ಮಾಡಲು ಈ ನುಸಿ ಬೇಕೆಂದು ಆಗ ತಿಳಿದಿತ್ತು. ಅಮೆರಿಕದ ಟಿ. ಎಚ್. ಮಾರ್ಗನ್ ಅವರಿಗೆ 1933ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಇದರ ಮೇಲಿನ ಕೆಲಸಕ್ಕೇ. ರೋಗದ ವಿಷಯದಲ್ಲೂ ಇದು ಮನುಷ್ಯನಿಗೆ ಗುರುವಾಗುತ್ತದೆಂದು ನಮಗೆ ಗೊತ್ತಿರಲಿಲ್ಲ.

ಮೊದಲು ನಮಗೂ ಅದಕ್ಕೂ ಇರುವ ವ್ಯತ್ಯಾಸ. ಮಗುವಿಗೆ ಲಸಿಕೆ ಹಾಕಿಸಿದರೆ ಮೈ ಆ ರೋಗಾಣುವಿನ ಗುರುತನ್ನು ನೆನಪಿಟ್ಟುಕೊಳ್ಳುತ್ತದೆ, ಅದಕ್ಕೆಂದೇ ಪ್ರತಿಕಾಯಗಳನ್ನು ತಯಾರಿಸುತ್ತದೆ. ಇದು ಕಲಿತು ಬಂದ ರಕ್ಷಣೆ. ಕೀಟಗಳಲ್ಲಿ ಪ್ರತಿಕಾಯಗಳಿಲ್ಲ, ಅವನ್ನು ಮಾಡುವ ಬಿಳಿ ರಕ್ತಕಣಗಳೂ ಇಲ್ಲ. ಅವುಗಳದ್ದು ಹುಟ್ಟಿನಿಂದಲೇ ಬಂದ ರಕ್ಷಣೆ, ಸಹಜ ನಿರೋಧ ಎನ್ನಬಹುದು. ಪ್ರತಿಕಾಯವಿಲ್ಲದ ಪ್ರಾಣಿಯಲ್ಲಿ ಹೆಚ್ಚಿನದೇನೂ ಇರಲಾರದು ಎಂದು ಬಹುಕಾಲ ಪಂಡಿತರು ತಾತ್ಸಾರ ಮಾಡಿದ್ದರು.

ಸ್ವೀಡನ್ನಿನ ಹಾನ್ಸ್ ಬೋಮನ್ ಮತ್ತು ಅವರ ಸಂಗಡಿಗರು ಹಾಗೆ ಮಾಡಲಿಲ್ಲ. ಈ ನುಸಿಗೆ ಮೊದಲು ಸೌಮ್ಯವಾದ ಬ್ಯಾಕ್ಟೀರಿಯಾ ಚುಚ್ಚಿ, ಆಮೇಲೆ ಉಗ್ರವಾದದ್ದನ್ನು ಚುಚ್ಚಿದರೆ ಅದು ತಡೆದುಕೊಳ್ಳುತ್ತದೆಂದು ಅವರು 1972ರಲ್ಲಿ ತೋರಿಸಿದರು. ಅಂದರೆ ಸೋಂಕು ತಗುಲಿದ ಮೇಲೆ ಮೈಯಲ್ಲಿ ಏನೋ ಹೊಸದು ಹುಟ್ಟುತ್ತದೆ. ಅದೇನೆಂದು ನೋಡಲು ಇಷ್ಟು ಸಣ್ಣ ನುಸಿಯಿಂದ ರಕ್ತ ಎಲ್ಲಿ ಸಿಕ್ಕೀತು? ಅದಕ್ಕಾಗಿ ಸಿಕ್ರೋಪಿಯ ಎಂಬ ಅಮೆರಿಕದ ದೊಡ್ಡ ಕಾಡುರೇಷ್ಮೆ ಪತಂಗದ ಕೋಶಗಳನ್ನು ಹಿಡಿದರು. ಚಳಿಗಾಲದಲ್ಲಿ ಕೋಶ ನಿದ್ರೆಯಲ್ಲಿರುತ್ತದೆ, ಹೊಸ ಪ್ರೋಟೀನು ಬಹುತೇಕ ತಯಾರಾಗುವುದಿಲ್ಲ. ಆಗ ಬ್ಯಾಕ್ಟೀರಿಯಾ ಚುಚ್ಚಿದರೆ ಹೊಸದಾಗಿ ಹುಟ್ಟಿದ್ದು ಎದ್ದು ಕಾಣುತ್ತದೆ. 1981ರಲ್ಲಿ ಆ ರಕ್ತದಿಂದ ಶುದ್ಧಮಾಡಿ ತೆಗೆದ ವಸ್ತುವಿಗೆ ‘ಸಿಕ್ರೋಪಿನ್’ ಎಂದು ಹೆಸರಿಟ್ಟರು. ಮೂವತ್ತೇಳು ಅಮೈನೋ ಆಮ್ಲಗಳ ಒಂದು ಪುಟ್ಟ ಸರ. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಋಣ ವಿದ್ಯುತ್ತು ಹೆಚ್ಚು, ಈ ಸರದಲ್ಲಿ ಧನ ವಿದ್ಯುತ್ತು. ಆದ್ದರಿಂದ ಅದು ಹೋಗಿ ಅಂಟಿಕೊಂಡು ಪೊರೆಯನ್ನು ತೂತು ಮಾಡುತ್ತದೆ. ತೂತಾದ ಬ್ಯಾಕ್ಟೀರಿಯಾ ಸೋರಿ ಸಾಯುತ್ತದೆ.

ಈಗ ನುಸಿಯ ಮೈಯನ್ನೇ ಹೊರಗಿನಿಂದ ಒಳಕ್ಕೆ ನೋಡುತ್ತ ಹೋಗೋಣ. ಮೊದಲ ಬೇಲಿ ಚರ್ಮದ ಗಟ್ಟಿ ಕವಚ. ಅದು ಸೀಳಿದರೆ ಗಾಯ ಬೇಗನೆ ಹೆಪ್ಪುಗಟ್ಟಿ ಕಪ್ಪಾಗುತ್ತದೆ. ಈ ಕಪ್ಪು ನಮ್ಮವರಿಗೆ ಹೊಸದಲ್ಲ. ಹಸಿ ಅಡಿಕೆಯನ್ನು ಹೋಳು ಮಾಡಿಟ್ಟರೆ ಕಪ್ಪಾಗುತ್ತದೆ, ಬಾಳೆಕಾಯಿ ಹೆಚ್ಚಿದ ಕೈ ಕಪ್ಪಾಗುತ್ತದೆ, ಬದನೆಯ ಹೋಳನ್ನು ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ. ಅಲ್ಲಿ ಫೀನಾಲ್ ಎಂಬ ವಸ್ತುಗಳು ಗಾಳಿಯ ಆಮ್ಲಜನಕದೊಡನೆ ಸೇರುವಂತೆ ಮಾಡುವ ಒಂದು ಕಿಣ್ವವಿದೆ. ನುಸಿಯ ರಕ್ತದಲ್ಲೂ ಅದೇ ಕೆಲಸದ ಕಿಣ್ವವಿದೆ. ವಂಶದಲ್ಲಿ ಎರಡೂ ದೂರವಾದರೂ ಎರಡರ ನಡುಮಧ್ಯದಲ್ಲಿ ತಾಮ್ರದ ಪರಮಾಣುಗಳೇ ಕುಳಿತಿವೆ. ಹುಳುವಿನ ರಕ್ತದಲ್ಲಿ ಹರಳು ತುಂಬಿದ ಒಂದು ಬಗೆಯ ಕಣಗಳು ಈ ಕಿಣ್ವವನ್ನು ಹೊತ್ತು ತಿರುಗುತ್ತವೆ. ಗಾಯವಾದ ಕಡೆ ಒಡೆದು ಅದನ್ನು ಚೆಲ್ಲುತ್ತವೆ. ಕಪ್ಪು ಬಣ್ಣ ತೂತನ್ನು ಮುಚ್ಚುತ್ತದೆ. ಅದು ಹುಟ್ಟುವಾಗ ಏಳುವ ಉಗ್ರ ರಾಸಾಯನಿಕಗಳು ಅಲ್ಲಿಗೆ ನುಗ್ಗಿದ ಸೂಕ್ಷ್ಮಜೀವಿಗಳಿಗೂ ವಿಷ.

ಎರಡನೆಯದು ನುಂಗುವ ಕಣಗಳು. ನುಸಿಯ ರಕ್ತಕ್ಕೆ ಬಣ್ಣವಿಲ್ಲ. ನಮ್ಮಂತೆ ನಾಳಗಳಲ್ಲಿ ಹರಿಯದೆ ಮೈಯ ಪೊಳ್ಳಿನಲ್ಲಿ ಎಲ್ಲ ಅಂಗಗಳನ್ನೂ ತೋಯಿಸಿಕೊಂಡಿರುತ್ತದೆ. ಅದರಲ್ಲಿರುವ ಕಣಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತೈದು ಈ ನುಂಗುವ ಜಾತಿಯವು. ಎದುರು ಸಿಕ್ಕ ಬ್ಯಾಕ್ಟೀರಿಯಾವನ್ನು ಸುತ್ತುವರಿದು ಒಳಗೆಳೆದುಕೊಂಡು ಜೀರ್ಣಿಸುತ್ತವೆ. ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಅತಿಸಣ್ಣ ಪ್ಲಾಸ್ಟಿಕ್ ಮಣಿಗಳನ್ನು ಮೊದಲು ಚುಚ್ಚಿದರೆ ಈ ಕಣಗಳು ಅವನ್ನೇ ಹೊಟ್ಟೆ ತುಂಬ ನುಂಗಿ ಕುಳಿತುಬಿಡುತ್ತವೆ, ಮುಂದೆ ಬಂದ ಬ್ಯಾಕ್ಟೀರಿಯಾವನ್ನು ನುಂಗಲು ಜಾಗವಿರುವುದಿಲ್ಲ. ರಕ್ತದಲ್ಲಿ ಬೇರೆ ಆಯುಧ ಮೊದಲೇ ಕಡಿಮೆಯಾಗಿದ್ದ ನುಸಿಗಳಿಗೆ ಹೀಗೆ ಮಾಡಿದಾಗ ಅವು ಇನ್ನೂ ಬೇಗ ಸತ್ತವು. ಒಂದು ಕಾವಲು ಇನ್ನೊಂದಕ್ಕೆ ಆಸರೆ ಎಂಬುದು ಇದರಿಂದ ತಿಳಿಯಿತು.

ಮೂರನೆಯದೇ ದೊಡ್ಡ ಸಂಗತಿ. ನುಸಿಯ ಮೈಯಲ್ಲಿ ಕೊಬ್ಬಿನ ಅಂಗವೊಂದಿದೆ. ನಮ್ಮ ಯಕೃತ್ತು ಮಾಡುವ ಕೆಲಸಗಳಲ್ಲಿ ಹಲವನ್ನು ಅದು ಮಾಡುತ್ತದೆ. ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ ಸುದ್ದಿ ತಲುಪಿದ ಕೆಲವೇ ಗಂಟೆಗಳಲ್ಲಿ ಅದು ಸಿಕ್ರೋಪಿನ್, ಡಿಪ್ಟೆರಿಸಿನ್, ಅಟ್ಟಾಸಿನ್, ಡ್ರೋಸೊಸಿನ್ ಮುಂತಾದ ಪುಟ್ಟ ಪ್ರೋಟೀನುಗಳನ್ನು ತಯಾರಿಸಿ ರಕ್ತಕ್ಕೆ ಸುರಿಯುತ್ತದೆ. ಬೂಸ್ಟು ನುಗ್ಗಿದರೆ ಡ್ರೋಸೊಮೈಸಿನ್ ಎಂಬುದು ಹೆಚ್ಚುತ್ತದೆ, ಅದು ಏರಲು ಸುಮಾರು ಒಂದು ದಿನ ಬೇಕು. ಕುತೂಹಲದ ವಿಷಯವೆಂದರೆ ಈ ಡ್ರೋಸೊಮೈಸಿನ್ನಿಗೂ ಮೂಲಂಗಿ ಬೀಜದಲ್ಲಿ ಬೂಸ್ಟು ತಡೆಯಲು ಇರುವ ಪ್ರೋಟೀನಿಗೂ ಹೋಲಿಕೆಯಿದೆ.

ಸುದ್ದಿ ಮುಟ್ಟಿಸುವವರು ಯಾರು? ಕಳೆದ ಮೂವತ್ತು ವರ್ಷಗಳ ಸಂಶೋಧನೆಯ ತಿರುಳೇ ಇದು. ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಯೂಲ್ಸ್ ಹಾಫ್‌ಮನ್ ಎಂಬುವರು ತಮ್ಮ ವಿದ್ಯಾರ್ಥಿ ದೆಸೆಯಲ್ಲಿ ಮಿಡತೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಆ ಪ್ರಯೋಗಶಾಲೆಯಲ್ಲಿ ಒಂದು ಮಿಡತೆಯ ಗ್ರಂಥಿಯನ್ನು ಕೊಯ್ದು ಇನ್ನೊಂದಕ್ಕೆ ಕಸಿ ಮಾಡುತ್ತಿದ್ದರು. ಕ್ರಿಮಿನಾಶಕದ ಉಪಚಾರವೇನೂ ಇಲ್ಲ. ಆದರೂ ಮಿಡತೆಗಳಿಗೆ ಕೀವು ಹಿಡಿಯುತ್ತಿರಲಿಲ್ಲ. ಇದು ಹೇಗೆಂಬ ಪ್ರಶ್ನೆ ಅವರ ತಲೆಯಲ್ಲಿ ಕುಳಿತಿತು. ಮುಂದೆ ಅವರ ಗುಂಪು ನುಸಿಯ ಕಡೆ ತಿರುಗಿತು. ಬ್ರೂನೊ ಲೆಮೇತ್ರ್ ಮತ್ತಿತರರು 1995ರಲ್ಲಿ ಒಂದು ವಿಚಿತ್ರ ತಳಿಯನ್ನು ವರ್ಣಿಸಿದರು. ಗಟ್ಟಿಮುಟ್ಟಾದ ನುಸಿಗೆ ಏನೂ ಮಾಡದ ಸಾಮಾನ್ಯ ಕರುಳಿನ ಬ್ಯಾಕ್ಟೀರಿಯಾ ಈ ತಳಿಯನ್ನು ಕೊಲ್ಲುತ್ತಿತ್ತು. ಆದರೆ ಬೂಸ್ಟಿನ ವಿರುದ್ಧ ಅದರ ಪ್ರೋಟೀನು ಎಂದಿನಂತೆ ತಯಾರಾಗುತ್ತಿತ್ತು. ಕೆಟ್ಟುಹೋಗಿದ್ದ ಜೀನಿಗೆ ‘ಇಮ್‌ಡಿ’ ಎಂದು ಹೆಸರಿಟ್ಟರು. ಹಾಗಾದರೆ ಬೂಸ್ಟಿನ ಸುದ್ದಿಗೆ ಬೇರೆ ದಾರಿ ಇರಬೇಕಲ್ಲವೇ?

ಆ ದಾರಿ ಸಿಕ್ಕಿದ್ದು ಯಾರೂ ಹುಡುಕದ ಮೂಲೆಯಲ್ಲಿ. ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್‌ಹಾರ್ಟ್ ಎಂಬ ವಿಜ್ಞಾನಿ ನುಸಿಯ ಭ್ರೂಣದಲ್ಲಿ ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ನಿರ್ಧಾರವಾಗುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದರು. ಆ ಕೆಲಸದ ಒಂದು ಜೀನಿಗೆ ‘ಟೋಲ್’ ಎಂಬ ಹೆಸರು ಬಂತು. ಜರ್ಮನ್ ಭಾಷೆಯಲ್ಲಿ ‘ಭಲೇ’ ಎಂದ ಹಾಗೆ. ಅವರಿಗೆ 1995ರಲ್ಲಿ ನೊಬೆಲ್ ಬಂತು. ಮರುವರ್ಷ, 1996ರಲ್ಲಿ, ಸ್ಟ್ರಾಸ್‌ಬರ್ಗಿನವರು ಟೋಲ್ ಕೆಟ್ಟ ನುಸಿಗಳಿಗೆ ಆಸ್ಪರ್ಜಿಲಸ್ ಬೂಸ್ಟು ತಗುಲಿಸಿದರು. ನುಸಿಗಳು ಸತ್ತವು. ಸತ್ತ ನುಸಿಯ ಮೈ ತುಂಬ ಬೂಸ್ಟಿನ ಎಳೆಗಳು ಕೂದಲಿನಂತೆ ಬೆಳೆದು ನಿಂತ ಚಿತ್ರ ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಹೆಸರಾಯಿತು. ಭ್ರೂಣದಲ್ಲಿ ಬೆನ್ನು ಹೊಟ್ಟೆ ತೀರ್ಮಾನಿಸುವ ಜೀನೇ ದೊಡ್ಡದಾದ ಮೇಲೆ ರೋಗದ ಕಾವಲಿಗೂ ನಿಲ್ಲುತ್ತದೆ ಎಂದರೆ ಯಾರು ನಂಬಿಯಾರು?

ಈ ಎರಡು ದಾರಿಗಳಲ್ಲಿ ಸುದ್ದಿ ಹೇಗೆ ಓಡುತ್ತದೆಂದು ಹೇಳುತ್ತೇವೆ. ಬ್ಯಾಕ್ಟೀರಿಯಾಗಳ ಗೋಡೆ ಪೆಪ್ಟಿಡೋಗ್ಲೈಕಾನ್ ಎಂಬ ಹೆಣಿಗೆಯಿಂದ ಆಗಿದೆ. ನುಸಿಯ ಮೈಯಲ್ಲಿ ಆ ಹೆಣಿಗೆ ಇಲ್ಲ. ಆದ್ದರಿಂದ ಅದು ಕಂಡರೆ ಹೊರಗಿನವನು ಬಂದಿದ್ದಾನೆಂದೇ ಅರ್ಥ. ಅದನ್ನು ಗುರುತಿಸುವ ಪ್ರೋಟೀನನ್ನು ಮೊದಲು ಶುದ್ಧಮಾಡಿ ತೆಗೆದದ್ದು 1996ರಲ್ಲಿ, ಜಪಾನಿನಲ್ಲಿ, ರೇಷ್ಮೆ ಹುಳುವಿನ ರಕ್ತದಿಂದ. ನಮ್ಮ ರಾಮನಗರ, ಕೊಳ್ಳೇಗಾಲದ ಕಡೆಯವರ ಮನೆ ನಡೆಸುವ ಅದೇ ರೇಷ್ಮೆ ಹುಳು. ಹೆಣಿಗೆಯಲ್ಲಿ ಎರಡು ಮುಖ್ಯ ನಮೂನೆಗಳಿವೆ. ಒಂದು ಕೊಂಡಿಯಲ್ಲಿ ಲೈಸಿನ್ ಇದ್ದರೆ ಒಂದು ಬಗೆ, ಅದರ ಜಾಗದಲ್ಲಿ ಡಿಎಪಿ ಎಂಬ ಆಮ್ಲವಿದ್ದರೆ ಇನ್ನೊಂದು. ಲೈಸಿನ್ ನಮೂನೆ ಕಂಡರೆ ಸುದ್ದಿ ಟೋಲ್ ದಾರಿ ಹಿಡಿಯುತ್ತದೆ, ಡಿಎಪಿ ಕಂಡರೆ ಇಮ್‌ಡಿ ದಾರಿ. ಡೆನ್ಮಾರ್ಕಿನ ಗ್ರಾಮ್ 1884ರಲ್ಲಿ ಕಂಡುಹಿಡಿದ ಬಣ್ಣದ ಪರೀಕ್ಷೆಯಿಂದ ಬ್ಯಾಕ್ಟೀರಿಯಾಗಳನ್ನು ಗ್ರಾಮ್ ಧನ, ಗ್ರಾಮ್ ಋಣ ಎಂದು ವಿಂಗಡಿಸುತ್ತೇವಲ್ಲ, ನುಸಿಯ ವಿಂಗಡಣೆ ಅದಕ್ಕೆ ಹತ್ತಿರ, ಆದರೆ ಪೂರ್ತಿ ಅದೇ ಅಲ್ಲ. ಬ್ಯಾಸಿಲಸ್ ಕುಲದವು ಬಣ್ಣದಲ್ಲಿ ಗ್ರಾಮ್ ಧನ, ಹೆಣಿಗೆಯಲ್ಲಿ ಡಿಎಪಿ. ನುಸಿ ಬಣ್ಣ ನೋಡುವುದಿಲ್ಲ, ಹೆಣಿಗೆ ನೋಡುತ್ತದೆ.

ಟೋಲ್ ದಾರಿ ಸ್ವಲ್ಪ ಸುತ್ತು. ಆನೆ ಇಳಿಯಿತೆಂದು ಕಾವಲುಗಾರ ಮೇಸ್ತ್ರಿಗೆ, ಮೇಸ್ತ್ರಿ ರೈಟರಿಗೆ, ರೈಟರು ಸಾಹುಕಾರರಿಗೆ ಹೇಳುವಂತೆ, ಇಲ್ಲಿ ರಕ್ತದಲ್ಲಿ ಒಂದು ಕಿಣ್ವ ಇನ್ನೊಂದನ್ನು ಕತ್ತರಿಸಿ ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಕೊನೆಗೆ ‘ಷ್ಪೆಟ್ಸ್‌ಲೆ’ ಎಂಬ ಪ್ರೋಟೀನು ಕತ್ತರಿಸಿ ಸಿದ್ಧವಾಗುತ್ತದೆ. (ಅದು ದಕ್ಷಿಣ ಜರ್ಮನಿಯ ಶಾವಿಗೆಯಂಥ ಒಂದು ತಿಂಡಿಯ ಹೆಸರು. ಈ ಶಾಸ್ತ್ರದವರು ಹೆಸರಿಡುವುದರಲ್ಲಿ ಬಹಳ ಧಾರಾಳಿಗಳು.) ಅದು ಕೊಬ್ಬಿನ ಅಂಗದ ಕೋಶಗಳ ಹೊರಗೆ ನಿಂತಿರುವ ಟೋಲಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಕೋಶದೊಳಗೆ ‘ಡಿಫ್’ ಎಂಬ ಪ್ರೋಟೀನನ್ನು ‘ಕ್ಯಾಕ್ಟಸ್’ ಎಂಬುದು ಹಿಡಿದು ಕೂರಿಸಿರುತ್ತದೆ. ಟೋಲಿನಿಂದ ಸುದ್ದಿ ಬಂದೊಡನೆ ಕ್ಯಾಕ್ಟಸ್ ನಾಶವಾಗುತ್ತದೆ. ಬಿಡುಗಡೆಯಾದ ಡಿಫ್ ಕೋಶಕೇಂದ್ರಕ್ಕೆ ಹೋಗಿ ಆಯುಧಗಳ ಜೀನುಗಳನ್ನು ಚಾಲೂ ಮಾಡುತ್ತದೆ. ಇಮ್‌ಡಿ ದಾರಿ ಇದಕ್ಕಿಂತ ಹತ್ತಿರದ್ದು. ಕೋಶದ ಮೇಲಿರುವ ಕಾವಲು ಪ್ರೋಟೀನೇ ಹೆಣಿಗೆಯ ತುಣುಕನ್ನು ಹಿಡಿದು ಒಳಗೆ ತಿಳಿಸುತ್ತದೆ, ‘ರೆಲಿಷ್’ ಎಂಬ ಪ್ರೋಟೀನು ಕೇಂದ್ರಕ್ಕೆ ಹೋಗುತ್ತದೆ.

ಆಯುಧಗಳಲ್ಲಿ ಯಾವುದು ಯಾವುದಕ್ಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈಚೆಗೆ. ಸ್ವಿಟ್ಜರ್‌ಲೆಂಡಿನ ಲೋಸಾನ್ನಿನಲ್ಲಿ ಲೆಮೇತ್ರ್ ಅವರ ಗುಂಪು 2019ರಲ್ಲಿ ಹದಿನಾಲ್ಕು ಆಯುಧಗಳ ಜೀನುಗಳನ್ನು ಒಟ್ಟಿಗೆ ಕಿತ್ತುಹಾಕಿದ ನುಸಿಗಳನ್ನು ತಯಾರಿಸಿತು. ಸೋಂಕಿಲ್ಲದಾಗ ಅವು ಚೆನ್ನಾಗಿಯೇ ಇದ್ದವು. ಗ್ರಾಮ್ ಋಣ ಬ್ಯಾಕ್ಟೀರಿಯಾ ಸೋಂಕಿದರೆ ಬೇಗ ಸಾಯುತ್ತಿದ್ದವು. ಗ್ರಾಮ್ ಧನದ ವಿರುದ್ಧ ಅಷ್ಟು ವ್ಯತ್ಯಾಸವಾಗಲಿಲ್ಲ. ಅಲ್ಲಿ ಮುಖ್ಯ ಕೆಲಸ 2015ರಲ್ಲಿ ವರ್ಣಿಸಲಾದ ಬೇರೊಂದು ಪುಟ್ಟ ಪ್ರೋಟೀನುಗಳ ಗುಂಪಿನದು. ಅವಕ್ಕೆ ಬೋಮನ್ನರ ನೆನಪಿಗೆ ‘ಬೋಮನಿನ್’ ಎಂದೇ ಹೆಸರು. ಇನ್ನೂ ಆಶ್ಚರ್ಯವೆಂದರೆ, ಪ್ರಾವಿಡೆನ್ಸಿಯ ರೆಟ್ಗೆರಿ ಎಂಬ ಬ್ಯಾಕ್ಟೀರಿಯಾದ ವಿರುದ್ಧ ಬೇಕಾದದ್ದು ಬಹುಮಟ್ಟಿಗೆ ಡಿಪ್ಟೆರಿಸಿನ್ ಒಂದೇ, ಎಂಟೆರೋಬ್ಯಾಕ್ಟರ್ ಕ್ಲೋಯಾಸೆ ಎಂಬುದಕ್ಕೆ ಡ್ರೋಸೊಸಿನ್ ಒಂದೇ. ಡಿಪ್ಟೆರಿಸಿನ್ನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದ ನುಸಿಗಳು ಆ ಪ್ರಾವಿಡೆನ್ಸಿಯಕ್ಕೆ ಸುಲಭವಾಗಿ ತುತ್ತಾಗುತ್ತವೆಂದು 2016ರಲ್ಲೇ ಗೊತ್ತಾಗಿತ್ತು. ಅಡಿಕೆಯ ಕೊಳೆಗೆ ಹೊಡೆದದ್ದು ಕಾಂಡಕೊರಕಕ್ಕೆ ತಾಗದು ಎಂದು ತಿಳಿದ ನಮಗೆ ಇದು ಅರ್ಥವಾಗದ ಮಾತಲ್ಲ.

ಕರುಳಿನ ಕಥೆ ಬೇರೆ. ನುಸಿ ದಿನವಿಡೀ ಬ್ಯಾಕ್ಟೀರಿಯಾ ತಿನ್ನುತ್ತಲೇ ಇರುತ್ತದೆ. ಸಂಶೋಧಕರು ಕರುಳಿನ ಪ್ರಯೋಗಕ್ಕೆ ಬಳಸುವ ಒಂದು ಬ್ಯಾಕ್ಟೀರಿಯಾ ನಮ್ಮ ತೋಟದವರಿಗೆ ಪರಿಚಿತವೇ. ಎರ್ವಿನಿಯ ಕ್ಯಾರೊಟೊವೊರ, ಈಗಿನ ಹೆಸರು ಪೆಕ್ಟೊಬ್ಯಾಕ್ಟೀರಿಯಂ. ಅಡಿಕೆಯ ನಡುವೆ ಹಾಕಿದ ಬಾಳೆಯ ಗೆಡ್ಡೆ ಕೊಳೆತು ನಾರಿ, ಗಿಡ ಬುಡದಲ್ಲೇ ಮುರಿದು ಬೀಳುವ ರೋಗಕ್ಕೆ ಕಾರಣ ಇದೇ ಜಾತಿ. ಇದನ್ನು ತಿಂದ ನುಸಿಯ ಕರುಳು ಆಮ್ಲಜನಕದ ಉಗ್ರ ರೂಪಗಳನ್ನು ಉಗುಳುತ್ತದೆ, ಜೊತೆಗೆ ಇಮ್‌ಡಿ ದಾರಿಯ ಆಯುಧಗಳನ್ನೂ. ಈ ಯುದ್ಧದಲ್ಲಿ ಕರುಳಿನ ಸ್ವಂತ ಕೋಶಗಳೂ ಸುಡುತ್ತವೆ. ಆಗ ಮೂಲಕೋಶಗಳು ಬೇಗಬೇಗನೆ ಒಡೆದು ಕೆಲವೇ ದಿನಗಳಲ್ಲಿ ಒಳಪದರವನ್ನು ಹೊಸದು ಮಾಡುತ್ತವೆ. ಆದರೆ ಹಿಟ್ಟು ಹುಳಿ ಬರಿಸುವ ಲ್ಯಾಕ್ಟೋಬ್ಯಾಸಿಲಸ್ಸಿನಂಥ ಸಾಧು ಬ್ಯಾಕ್ಟೀರಿಯಾಗಳೂ ಆ ಕರುಳಿನಲ್ಲಿ ವಾಸವಾಗಿವೆ. ಅವುಗಳ ಗೋಡೆಯ ತುಣುಕಿಗೆಲ್ಲ ರಣಭೇರಿ ಬಾರಿಸಿದರೆ ಕೆಟ್ಟೀತು. ಆದ್ದರಿಂದ ಆ ತುಣುಕುಗಳನ್ನು ಕತ್ತರಿಸಿ ಸುದ್ದಿಯನ್ನು ಅಡಗಿಸುವ ಕಿಣ್ವಗಳನ್ನೂ ನುಸಿ ತಯಾರಿಸುತ್ತದೆ. ಈ ಲಗಾಮು ತಪ್ಪಿ ಕಾವಲು ಸದಾ ಚಾಲೂ ಇದ್ದರೆ ನುಸಿಯ ಆಯುಸ್ಸು ಕಡಿಮೆಯಾಗುತ್ತದೆ. ಯಾವುದೇ ಜೀವಿಯ ‘ನಿರೋಧ ಶಕ್ತಿ ಹೆಚ್ಚಿಸುವ’ ಡಬ್ಬಿಗಳನ್ನು ಹೊತ್ತು ನಮ್ಮ ಕಚೇರಿಯ ಮೆಟ್ಟಿಲು ಹತ್ತುವವರಿಗೆ ನಾವು ಈಗ ಇದನ್ನೇ ಹೇಳುತ್ತಿದ್ದೇವೆ. ಹೆಚ್ಚಾದದ್ದೆಲ್ಲ ಒಳ್ಳೆಯದಲ್ಲ.

ಇನ್ನೊಂದು ಪ್ರಯೋಗ ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. ಒಂದೇ ತಳಿಯ, ಒಂದೇ ವಯಸ್ಸಿನ ನುಸಿಗಳಿಗೆ ಒಂದೇ ಅಳತೆಯಲ್ಲಿ ಪ್ರಾವಿಡೆನ್ಸಿಯ ಚುಚ್ಚಿದರೂ ಕೆಲವು ಸಾಯುತ್ತವೆ, ಕೆಲವು ಉಳಿಯುತ್ತವೆ. ಏಕೆಂದು ಗಂಟೆಗಂಟೆಗೂ ಬ್ಯಾಕ್ಟೀರಿಯಾ ಎಣಿಸಿ ನೋಡಿದರು. ಮೊದಲ ಕೆಲವು ಗಂಟೆಗಳ ಓಟವೇ ನಿರ್ಣಾಯಕವೆಂದು 2017ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾ ಒಂದು ಮಿತಿ ದಾಟುವ ಮೊದಲು ಆಯುಧಗಳು ಸಾಕಷ್ಟು ತಯಾರಾದರೆ ನುಸಿ ಗೆದ್ದಿತು. ತಡವಾದರೆ ಆಮೇಲೆ ಎಷ್ಟು ತಯಾರಾದರೂ ಪ್ರಯೋಜನವಿಲ್ಲ. ಗೆದ್ದ ನುಸಿಯ ಮೈಯಿಂದಲೂ ರೋಗಾಣು ಪೂರ್ತಿ ಹೋಗುವುದಿಲ್ಲ. ಒಂದು ಕೆಳಮಟ್ಟದಲ್ಲಿ ಸಾಯುವ ತನಕ ಜೊತೆಗೇ ಇರುತ್ತದೆ. ಮಳೆ ಹಿಡಿಯುವ ಮೊದಲು ಬೋರ್ಡೋ ಹೊಡೆದವನ ಅಡಿಕೆ ಉಳಿಯುತ್ತದೆ, ಕೊಳೆ ಕಂಡ ಮೇಲೆ ಕೊನೆಗಾರನನ್ನು ಹುಡುಕಿ ಹೊರಟವನದು ಉದುರುತ್ತದೆ. ಇದನ್ನು ಓದುವಾಗ ನಮಗೆ ನೆನಪಾದದ್ದು ಅದು.

ನುಸಿಯ ಟೋಲಿನಂಥದೇ ಪ್ರೋಟೀನು ಮನುಷ್ಯನಲ್ಲೂ ಇದೆಯೆಂದು ಅಮೆರಿಕದ ಮೆಡ್ಜಿಟೋವ್ ಮತ್ತು ಜೇನ್‌ವೇ 1997ರಲ್ಲಿ ತೋರಿಸಿದರು. ಮರುವರ್ಷ ಬ್ರೂಸ್ ಬಾಯ್ಟ್ಲರ್ ಗುಂಪು, ಗ್ರಾಮ್ ಋಣ ಬ್ಯಾಕ್ಟೀರಿಯಾದ ವಿಷವನ್ನು ಇಲಿಯ ಮೈ ಗುರುತಿಸುವುದು ಇಂಥದೊಂದು ಪ್ರೋಟೀನಿನಿಂದ ಎಂದು ಕಂಡುಹಿಡಿಯಿತು. ನಮ್ಮಲ್ಲಿ ಇಂಥವು ಹತ್ತು ಇವೆ. 2011ರ ನೊಬೆಲ್ ಹಾಫ್‌ಮನ್, ಬಾಯ್ಟ್ಲರ್ ಮತ್ತು ರಾಲ್ಫ್ ಸ್ಟೈನ್‌ಮನ್ ಅವರಿಗೆ ಸಂದಿತು. ಸ್ಟೈನ್‌ಮನ್ ಘೋಷಣೆಗೆ ಮೂರು ದಿನ ಮೊದಲು ತೀರಿಕೊಂಡಿದ್ದರು.

ಈಗ ಸಭೆಯ ಪ್ರಶ್ನೆಗೆ ಬರೋಣ. ಮೊದಲು ಒಂದು ಗೊಂದಲ ಕಳೆಯಬೇಕು. ಔಷಧಿಗೆ ಕೀಟ ಸಾಯದಿದ್ದರೆ ‘ಅದಕ್ಕೆ ಇಮ್ಯುನಿಟಿ ಬಂದಿದೆ’ ಎನ್ನುತ್ತೇವೆ. ಅದು ಈ ಶಕ್ತಿಯಲ್ಲ. ಕೀಟನಾಶಕವನ್ನು ತಡೆದುಕೊಳ್ಳುವ ಗುಣ ಕೆಲವು ಕೀಟಗಳಲ್ಲಿ ಹುಟ್ಟಿನಿಂದ ಇರುತ್ತದೆ. ಉಳಿದವು ಸತ್ತು, ಅವುಗಳ ಸಂತಾನವೇ ಬೆಳೆದು, ಇಡೀ ತೋಟ ಅಂಥವುಗಳದ್ದಾಗುತ್ತದೆ. ನ್ಯೂ ಕ್ಯಾಲಿಡೋನಿಯದಲ್ಲಿ ಕಾಯಿ ಕೊರೆಯುವ ದುಂಬಿ ಎಂಡೋಸಲ್ಫಾನಿಗೆ ಹೀಗೆ ಜಗ್ಗದಾಯಿತು. ಅದಕ್ಕೆ ಕಾರಣವಾದ ಜೀನನ್ನು ಮೊದಲು ಗುರುತಿಸಿದ್ದೂ ನಮ್ಮ ಈ ಹಣ್ಣಿನ ನುಸಿಯಲ್ಲೇ.

ನಾವು ಹಂಚಿದ ಪುಡಿ ಬ್ಯೂವೇರಿಯ ಬ್ಯಾಸಿಯಾನ ಎಂಬ ಬೂಸ್ಟಿನ ಬೀಜಕಗಳದ್ದು. ನಮ್ಮ ದೇಶದಲ್ಲಿ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡ ಈ ದುಂಬಿಯ ಮೇಲೆ ಅದು ನಿಜವಾಗಿ ಕೆಲಸ ಮಾಡುತ್ತದೆ. ಬೀಜಕ ಕೀಟದ ಕವಚಕ್ಕೆ ಅಂಟಿ, ತೇವವಿದ್ದರೆ ಮೊಳೆತು, ಕಿಣ್ವಗಳಿಂದ ಕವಚವನ್ನು ಕರಗಿಸಿ ಒಳಗಿಳಿಯುತ್ತದೆ. ನುಸಿಗೆ ಇದೇ ಬೂಸ್ಟು ತಗುಲಿಸಿದರೆ ಟೋಲ್ ದಾರಿ ಏಳುತ್ತದೆ. ಬೂಸ್ಟಿನ ಕಿಣ್ವಗಳನ್ನೇ ಮೂಸಿ ಎಚ್ಚರಿಸುವ ಒಂದು ಪ್ರೋಟೀನು ಅದರ ರಕ್ತದಲ್ಲ��ದೆ. ಹೀಗೆ ಎಚ್ಚೆತ್ತರೂ ಬೀಜಕ ಸಾಕಷ್ಟಿದ್ದು ಹವೆ ತೇವವಾಗಿದ್ದರೆ ಗೆಲ್ಲುವುದು ಬೂಸ್ಟೇ. ತೆಂಗಿನ ಸುಳಿ ಕೊರೆಯುವ ದುಂಬಿಗೆ ಬಳಸುವ ಮೆಟಾರೈಜಿಯಂ ಬೂಸ್ಟಿನಲ್ಲಂತೂ ಕೀಟದ ಈ ಕಾವಲನ್ನೇ ಅಡಗಿಸುವ ವಿಷವಿದೆಯೆಂದು ನುಸಿಯ ಮೇಲಿನ ಪ್ರಯೋಗದಿಂದಲೇ ತಿಳಿದಿದೆ.

ಹಾಗಾದರೆ ನಮ್ಮ ಪುಡಿ ಸೋತದ್ದೇಕೆ? ಅದು ಮಾರ್ಚಿಯಲ್ಲಿ ಬಂತು. ರಸಗೊಬ್ಬರದ ಚೀಲಗಳ ಪಕ್ಕ, ತಗಡಿನ ಮಾಡಿನ ಗೋದಾಮಿನಲ್ಲಿ ಮೇ ಕಳೆಯುವವರೆಗೂ ಬಿದ್ದಿತ್ತು. ಬೀಜಕ ಜೀವಂತ ವಸ್ತು, ಆ ಕಾವಿಗೆ ಉಳಿಯುವುದಿಲ್ಲ ಎಂಬುದು ಬಿ.ಎಸ್‌ಸಿ. ಓದಿದ ಕಾರ್ಯದರ್ಶಿಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಸಭೆಯ ನಂತರ ಉಳಿದ ಪೊಟ್ಟಣವೊಂದನ್ನು ಪರಿಚಯದ ವಿಜ್ಞಾನಿಯೊಬ್ಬರಿಗೆ ಕೊಟ್ಟೆವು. ಅವರು ಪುಡಿಯನ್ನು ಅಗರ್ ತಟ್ಟೆಯ ಮೇಲೆ ಹರಡಿ ವಾರವಿಟ್ಟರೂ ಬ್ಯೂವೇರಿಯ ಮೊಳೆಯಲಿಲ್ಲ. ಎರಡನೆಯ ತಪ್ಪು, ನಾವು ಹಂಚಿದ ಚೀಟಿಯಲ್ಲಿ ಬೋರ್ಡೋ ವಿಷಯವನ್ನು ಬರೆಯದಿದ್ದದ್ದು. ಹಲವರು ಅಡಿಕೆಗೆ ಬೋರ್ಡೋ ಕಲಸಿದ ಡ್ರಮ್ಮಿನಲ್ಲೇ, ತೊಳೆಯದ ಪಂಪಿನಲ್ಲೇ ಇದನ್ನೂ ಹೊಡೆದರು. ಬೂಸ್ಟು ಕೊಲ್ಲಲೆಂದೇ ಇರುವ ಮೈಲುತುತ್ತದೊಡನೆ ಬೂಸ್ಟಿನ ಬೀಜಕ ಸೇರಿದರೆ ಉಳಿಯುವುದೇನು? ಆ ಸದಸ್ಯರ ಮನೆಗೆ ಹೋಗಿ ಇಷ್ಟನ್ನೂ ಹೇಳಿದೆವು. ಅವರು ಕಾಫಿ ಕೊಟ್ಟು, “ಹಾಗಾದರೆ ದುಂಬಿಗೆ ಏನೂ ಕಷ್ಟವೇ ಬರಲಿಲ್ಲ ಅನ್ನಿ,” ಎಂದರು.

ಆ ಪುಡಿಗೆ ಹಣ ಕೊಟ್ಟ ಸದಸ್ಯರೆಲ್ಲರಿಗೂ ಮೊಬಲಗನ್ನು ಈ ಸಾಲಿನ ಖಾತೆಗೆ ಜಮಾ ಮಾಡಲು ಆಡಳಿತ ಮಂಡಳಿ ಒಪ್ಪಿದೆ, ರಸೀದಿ ತರಬೇಕು. ಈ ಸಲದ ಪುಡಿಯನ್ನು ಮಳೆ ಹಿಡಿಯುವ ಹೊತ್ತಿಗೆ ತರಿಸುತ್ತೇವೆ, ಬಂದ ವಾರದಲ್ಲೇ ಹಂಚುತ್ತೇವೆ. ಪೊಟ್ಟಣದ ಮೇಲಿನ ತಯಾರಿಕೆಯ ದಿನಾಂಕವನ್ನು ನೋಡಿಯೇ ತೆಗೆದುಕೊಳ್ಳಿ. ಮನೆಗೊಯ್ದ ಮೇಲೆ ತಂಪಾದ, ನೆರಳಿನ ಜಾಗದಲ್ಲಿಡಿ, ಸಂಜೆ ಹೊತ್ತು ಹೊಡೆಯಿರಿ. ಬೋರ್ಡೋ ಮುಟ್ಟದ ಬೇರೆ ಡ್ರಮ್ಮು, ಬೇರೆ ಪಂಪು ಇಲ್ಲದವರಿಗೆ ಸಂಘದಲ್ಲಿ ಎರಡು ಪಂಪುಗಳನ್ನು ಇದಕ್ಕೆಂದೇ ಬೇರೆ ಇಟ್ಟಿದ್ದೇವೆ. ಮುಂಚಿತವಾಗಿ ಹೆಸರು ಬರೆಸಬೇಕು.